ವಟಾಣಿ, ಬಟಾಣಿ ಮತ್ತು ಎರಡು ಟಿ

ಅವರು ವಟಾಣಿ ಅನ್ನುತ್ತಿದ್ದರು, ನಾನು ಬಟಾಣಿ ಅನ್ನುತ್ತಿದ್ದೆ. ಅವರು ಬಾಗಲಕೋಟೆ ಕಡೆಯವರು, ನಾನು ಮೈಸೂರಿನವನು. ರಾಚೆಸ್ಟರ್ ಹಿಲ್ಸ್‌ನ ಒಂದು ಆಫೀಸಿನ ಊಟದ ಕೋಣೆಯಲ್ಲಿ ಡಬ್ಬಿಗಳನ್ನು ಮುಂದಿಟ್ಟುಕೊಂಡು ಈ ಒಂದು ಅಕ್ಷರಕ್ಕಾಗಿ ನಾಲ್ಕು ವರ್ಷ ಜಗಳವಾಡಿದ್ದೇವೆ.

"ವ ಅಂದ್ರ ತುಟಿ ಹಗೂರಕ್ಕ ತಾಗತಾವ. ಕಾಳು ಎಳೇದು ಐತಿ ಅಂತ ಕೇಳಿದಾವಗ ಗೊತ್ತಾಗತೈತಿ. ನೀವು ಬ ಅಂದಕೂಡ್ಲೆ ಅದು ಒಣಗಿ ಗುಂಡಾಗಿ ಬಿಡತೈತಿ ನೋಡ್ರಿ," ಎನ್ನುತ್ತಿದ್ದರು.

ನಾನು ಪದದ ಮೂಲ, ಧ್ವನಿ ಬದಲಾವಣೆ ಅಂತ ಏನೇನೋ ಹೇಳುತ್ತಿದ್ದೆ. ಅದರಲ್ಲಿ ಅರ್ಧ ಆ ಕ್ಷಣಕ್ಕೆ ಹುಟ್ಟಿಸಿದ್ದು. ಅವರದ್ದನ್ನು ನಾನು ಇಲ್ಲಿ ಸರಿಯಾಗಿ ಬರೆದಿದ್ದೇನೋ ಅಥವಾ ಅವರು ಇಲ್ಲವಾದ ಮೇಲೆ ಅವರ ಬಾಯಿಯನ್ನು ಸ್ವಲ್ಪ ತಿದ್ದಿದ್ದೇನೋ, ಅದೂ ಖಚಿತವಿಲ್ಲ. ನನ್ನ ನೆನಪು ಮೊದಲಿನಿಂದಲೂ ನನಗೆ ಅನುಕೂಲವಾಗುವ ಹಾಗೆ ಕೆಲಸ ಮಾಡುತ್ತದೆ. ಈ ಬರಹದಲ್ಲಿ ಅದಕ್ಕೊಂದು ಪುರಾವೆಯೂ ಇದೆ.

ನಮ್ಮಿಬ್ಬರ ನಡುವೆ ತೀರ್ಮಾನವಾಗದೆ ಉಳಿದ ಪ್ರಶ್ನೆ ಅದೊಂದೇ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೆ. ಕಳೆದ ವರ್ಷ ಮಾರ್ಚ್‌ನಲ್ಲಿ ನನ್ನ ಹೆಂಡತಿ ಫೋನ್ ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು, "ರೀ, ನಿಮ್ಮ ವಟಾಣಿ ಸರ್ ಹೋಗ್ಬಿಟ್ರಂತೆ. ಶಿಕಾಗೋದಲ್ಲಿ, ಮಗಳ ಮನೇಲಿ," ಅಂದಳು. ನನಗೆ ಮೊದಲು ಆದದ್ದು ದುಃಖವಲ್ಲ. ಸದ್ಯ, ಇನ್ನು ಕೇಳಬೇಕಾಗಿಲ್ಲ ಅನ್ನುವ ನಿರಾಳ. ದುಃಖ ಬಂತು, ಆದರೆ ಎರಡನೆಯದಾಗಿ ಬಂತು. ಇನ್ನೊಂದು ಪ್ರಶ್ನೆ ಇತ್ತು ಅನ್ನುವುದು ನನಗೆ ಗೊತ್ತಾದದ್ದು ಹಾಗೆ.

ನಮ್ಮ ಕಂಪನಿ ಕಾರಿನ ಸೀಟು ಮಾಡುತ್ತಿತ್ತು. ಅವರೂ ನಾನೂ ಸೀಟು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೆವು. ಅಲ್ಲಿ ಒಂದು ಲೋಹದ ಪೃಷ್ಠವಿತ್ತು. ಮನುಷ್ಯನ ಅಳತೆಗೆ ಎರಕ ಹೊಯ್ದು, ಮೇಲೆ ಜೀನ್ಸ್ ಬಟ್ಟೆ ತೊಡಿಸಿದ್ದ ಪೃಷ್ಠ. ಅದು ಸೀಟಿನ ಮೇಲೆ ಕೂರುತ್ತಿತ್ತು, ಸ್ವಲ್ಪ ಹೊರಳುತ್ತಿತ್ತು, ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ಎಷ್ಟು ಸಲ ಕೂತ ಮೇಲೆ ಹೊಲಿಗೆ ಬಿಟ್ಟಿತು, ಸ್ಪ್ರಿಂಗ್ ಮುರಿಯಿತು ಅಂತ ನಾವು ಬರೆದುಕೊಳ್ಳಬೇಕು. ನಾನು ವಿಶ್ವಾಸಾರ್ಹತೆಯ ಗಣಿತದಲ್ಲಿ ಡಾಕ್ಟರೇಟ್ ಮಾಡಿದವನು. ಯಾವ ವಸ್ತುವನ್ನು ಎಷ್ಟು ದಿನ ನಂಬಬಹುದು ಅಂತ ಇನ್ನೂರು ಪುಟ ಬರೆದು, ಕೊನೆಗೆ ಒಂದು ಪೃಷ್ಠದ ಗುಮಾಸ್ತನಾದೆ.

ಆ ಯಂತ್ರಕ್ಕೆ ಅವರು ದೊಡ್ಡ ಸಾಹೇಬ್ರು ಅಂತ ಹೆಸರಿಟ್ಟಿದ್ದರು. ನನಗೆ ಡಾಕ್ಟರ್ ಸಾಹೇಬ್ರು. ಬೆಳಿಗ್ಗೆ ನಾನು ಬಾಗಿಲು ತೆರೆದರೆ, "ಬರ್ರಿ ಡಾಕ್ಟರ್ ಸಾಹೇಬ್ರ. ದೊಡ್ಡ ಸಾಹೇಬ್ರು ನಿಮ್ಮನ್ನ ಕಾಯಾಕತ್ತಾರ. ಕೂತೂ ಕೂತೂ ಸಾಕಾಗೇತಂತ," ಅನ್ನುತ್ತಿದ್ದರು.

ಅವರಿಗೆ ಆಗ ಐವತ್ತೆಂಟೋ ಐವತ್ತೊಂಬತ್ತೋ. ಇಪ್ಪತ್ತು ವರ್ಷದ ಹಿಂದೆಯೇ ಬಂದು ಇಲ್ಲಿನ ಪ್ರಜೆಯಾಗಿದ್ದವರು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಕಂಪ್ಯೂಟರ್ ಬರುವ ಮುಂಚೆ ಡ್ರಾಯಿಂಗ್ ಬೋರ್ಡಿನ ಮೇಲೆ ಕೈಯಲ್ಲಿ ನಕ್ಷೆ ಬರೆದು ಬೆಳೆದವರಾದ್ದರಿಂದ ಏನು ಬರೆದರೂ ಎಲ್ಲ ದೊಡ್ಡ ಅಕ್ಷರದಲ್ಲೇ. ಮನೆಯ ತರಕಾರಿ ಪಟ್ಟಿಯೂ ಸೇತುವೆ ಕಟ್ಟುವ ಆದೇಶದ ಹಾಗೆ ಕಾಣುತ್ತಿತ್ತು. ಒಪ್ಪಿಗೆ, ಅನುಮಾನ, ಬೇಸರ, ಎಲ್ಲಕ್ಕೂ ಒಂದೇ "ಹ್ಞೂಂ". ಅದು ಯಾವುದು ಅಂತ ಅವರ ಹೆಂಡತಿಗೆ ಮಾತ್ರ ತಿಳಿಯುತ್ತಿತ್ತು. ಅವರ ಹೆಂಡತಿಯನ್ನು ನಾನು ವೈನಿ ಅನ್ನುತ್ತಿದ್ದೆ. ನಮ್ಮ ಕಡೆ ಅತ್ತಿಗೆ ಅನ್ನುವುದು ಅವರ ಕಡೆ ವೈನಿ. ಆಂಟಿ ಅಂದಾಗ ಅವರು ತಿರುಗಿಯೇ ನೋಡಲಿಲ್ಲ, ಹಾಗಾಗಿ ಕಲಿತುಕೊಂಡೆ.

ಅವರ ಮನೆ ಪಕ್ಕದೂರು ಸ್ಟರ್ಲಿಂಗ್ ಹೈಟ್ಸ್‌ನಲ್ಲಿತ್ತು. ಹಿತ್ತಲಿನಲ್ಲಿ ಬಟಾಣಿ. ಟೊಮ್ಯಾಟೋ, ಮೆಣಸಿನಕಾಯಿ ಎಲ್ಲರೂ ಹಾಕುತ್ತಾರೆ ಅಂತ ಅವರು ಅದರ ತಂಟೆಗೆ ಹೋಗುತ್ತಿರಲಿಲ್ಲ. ಬಳ್ಳಿ ಹಬ್ಬಲು ನಮ್ಮ ಲ್ಯಾಬಿನಲ್ಲಿ ಸೋತ ಸೀಟುಗಳ ಸ್ಪ್ರಿಂಗ್ ಚೌಕಟ್ಟುಗಳನ್ನು ಸಾಲಾಗಿ ನೆಟ್ಟಿದ್ದರು. ಮೇ ತಿಂಗಳ ಕೊನೆಗೆ ಅವರ ಹಿತ್ತಲಿಗೆ ಹೋದರೆ, ಹತ್ತಾರು ಕಾರುಗಳು ನೆಲದಲ್ಲಿ ಕರಗಿ ಸೀಟಿನ ಬೆನ್ನುಗಳು ಮಾತ್ರ ಉಳಿದಿವೆಯೇನೋ ಅನಿಸಬೇಕು, ಒಂದೊಂದು ಬೆನ್ನಿಗೂ ಬಿಳಿ ಹೂ. ಕಾಯಿಯನ್ನು ಅಲ್ಲೇ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಳಗೆ ಒಯ್ದು ಉಸುಳಿ ಮಾಡಿಸುವುದಿಲ್ಲವೇ ಅಂದರೆ, "ಬಳ್ಳಿಗೂ ಬಾಯಿಗೂ ನಡುವ ಹೆಂಡ್ತಿ ಬರಬಾರದ್ರಿ," ಅನ್ನುತ್ತಿದ್ದರು, ವೈನಿಗೆ ಕೇಳುವಷ್ಟು ಗಟ್ಟಿಯಾಗಿ.

"ನಡುವ ಬರದಿದ್ರ ರಾತ್ರಿ ಹೊಟ್ಟಿ ನೋವು ಅಂತ ಯಾಕ ಎಬ್ಬಸ್ತೀರಿ," ಅಂತ ಒಳಗಿನಿಂದ ಉತ್ತರ ಬರುತ್ತಿತ್ತು.

ಕನ್ನಡದವರ ಮನೆಗಳ ಮಕ್ಕಳೆಲ್ಲ ಅವರನ್ನು ಪೀ ಅಂಕಲ್ ಅನ್ನುತ್ತಿದ್ದವು, ಅಂದು ಬಾಯಿ ಮುಚ್ಚಿಕೊಂಡು ಕಿಸಿಕಿಸಿ ನಗುತ್ತಿದ್ದವು. ಇಂಗ್ಲಿಷ್‌ನಲ್ಲಿ ಬಟಾಣಿಯ ಆ ಹೆಸರಿಗೆ ಉಚ್ಚೆ ಅನ್ನುವ ಇನ್ನೊಂದು ಅರ್ಥವಿದೆಯೆಂದು ಅವರಿಗೆ ಗೊತ್ತಿತ್ತು. "ಅನ್ಲಿ ಬಿಡ್ರಿ. ಒಂದು ಶಬ್ದಕ್ಕ ಎರಡು ಅರ್ಥ ಇದ್ರ ಒಂದು ಪುಕ್ಕಟೆ ಬಂದಂಗ," ಅಂದಿದ್ದರು. ಈ ಮಾತು ಮಾತ್ರ ಅವರೇ ಹೇಳಿದ್ದು. ಇದನ್ನು ಹುಟ್ಟಿಸುವಷ್ಟು ಜಾಣತನ ನನಗಿಲ್ಲ.

ಬಟಾಣಿ ಬಿತ್ತುವುದು ಯಾವಾಗ ಅನ್ನುವುದು ಇಲ್ಲಿ ದೊಡ್ಡ ವಿಷಯ. ಬೇಗ ಬಿತ್ತಿದರೆ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಕೊಳೆಯುತ್ತದೆ, ತಡವಾದರೆ ಜೂನ್ ಬಿಸಿಲಿಗೆ ಕಾಯಿ ಕಟ್ಟುವುದಿಲ್ಲ. ನಮ್ಮ ಜನ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಎಲ್ಲದರ ಜೊತೆ ಬಿತ್ತಿ, ಇಲ್ಲಿ ಬಟಾಣಿ ಬರುವುದಿಲ್ಲ ಅಂತ ತೀರ್ಮಾನಿಸುತ್ತಾರೆ. ಅವರ ಲೆಕ್ಕ ಬೇರೆ. ಪಕ್ಕದ ಮನೆಯಲ್ಲಿ ಒಬ್ಬ ಪೋಲಿಷ್ ಅಜ್ಜಿ ಇದ್ದಳು. ಅವಳ ಹುಲ್ಲಿನಲ್ಲಿ ಹಿಮ ಕರಗುವ ಹೊತ್ತಿಗೆ ಕ್ರೋಕಸ್ ಹೂ ಬರುತ್ತಿದ್ದವು, ಬೆರಳುದ್ದದ ನೇರಳೆ ಬಟ್ಟಲುಗಳು. ಮೂರು ಹೂ ಅರಳಿದ ದಿನ ಬಟಾಣಿ ಬಿತ್ತಬೇಕು. ಎರಡಾದರೆ ಇಲ್ಲ. ದಿನಾ ಬೆಳಿಗ್ಗೆ ಬೇಲಿಯ ಹತ್ತಿರ ನಿಂತು ಅವಳ ಅಂಗಳವನ್ನು ದಿಟ್ಟಿಸುತ್ತಿದ್ದುದರಿಂದ ಮೊದಲ ವರ್ಷ ಅವಳು ಗಾಬರಿಯಾಗಿ ಕಿಟಕಿ ತೆರೆದು ಏನು ಬೇಕು ಅಂತ ಕೇಳಿದಳಂತೆ. ಆಮೇಲೆ ಅವಳೇ ಫೋನ್ ಮಾಡತೊಡಗಿದಳು. ಹಲೋ ಇಲ್ಲ, ಹೆಸರಿಲ್ಲ. ಒನ್, ಅಂತ ಹೇಳಿ ಇಡುವುದು. ನಾಲ್ಕು ದಿನ ಬಿಟ್ಟು, ಟೂ.

ನನಗೆ ಇದು ಮೂಢನಂಬಿಕೆಯಾಗಿ ಕಂಡಿತು. ಲ್ಯಾಬಿನಿಂದ ತಾಪ ಅಳೆಯುವ ತಂತಿ, ಅದನ್ನು ಗಂಟೆಗಂಟೆಗೂ ಬರೆದುಕೊಳ್ಳುವ ಪೆಟ್ಟಿಗೆ ತಂದು ಅವರ ಹಿತ್ತಲಿನ ಮಣ್ಣಿನಲ್ಲಿ ಹೂತೆ. ಬಟಾಣಿ ಮೊಳೆಯಲು ಮಣ್ಣು ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತು ಡಿಗ್ರಿ ದಾಟಬೇಕು, ನೀರು ಹೆಪ್ಪುಗಟ್ಟುವುದು ಮೂವತ್ತೆರಡಕ್ಕೆ. ಅಜ್ಜಿ ಥ್ರೀ ಅಂದ ದಿನ ನೋಡಿದರೆ ನಲವತ್ತೊಂದು. ನಾನು ಒಂದೇ ವರ್ಷದ ಅಂಕಿಯಿಂದ ಏನೂ ಸಿದ್ಧವಾಗುವುದಿಲ್ಲ ಅಂದೆ.

"ಹ್ಞೂಂ," ಅಂದರು.

ಮರುವರ್ಷ ನನ್ನ ಅಪಾರ್ಟ್‌ಮೆಂಟಿನ ಹಿಂದಿನ ತುಂಡು ಜಾಗದಲ್ಲಿ ನಾನು ಪ್ರಯೋಗ ಮಾಡಿದೆ. ಅರ್ಧ ಸಾಲು ಅಜ್ಜಿಯ ಥ್ರೀ ಪ್ರಕಾರ, ಅರ್ಧ ಸಾಲು ನನ್ನ ಲೆಕ್ಕದ ಪ್ರಕಾರ. ಮೊಲಗಳು ಪಕ್ಷಪಾತವಿಲ್ಲದೆ ಎರಡನ್ನೂ ತಿಂದವು.

ಆಮೇಲೆ ಎರಡು ಸಾವಿರದ ಎಂಟು ಬಂತು, ಒಂಬತ್ತು ಬಂತು. ಕಾರು ಕೊಳ್ಳುವವರಿಲ್ಲ, ಹಾಗಾಗಿ ಸೀಟು ಬೇಡ, ಹಾಗಾಗಿ ಸೀಟಿನ ಮೇಲೆ ಕೂರುವವರೂ ಬೇಡ. ಆಫೀಸಿನಲ್ಲಿ ಒಂದು ಬಿಟ್ಟು ಒಂದು ದೀಪ ತೆಗೆದರು. ಕಾಫಿ ಯಂತ್ರ ಹೋಯಿತು. ಶುಕ್ರವಾರ ಬಂದರೆ ಯಾರಾದರೂ ರಟ್ಟಿನ ಪೆಟ್ಟಿಗೆ ಹಿಡಿದು ಪಾರ್ಕಿಂಗ್ ಕಡೆ ನಡೆಯುತ್ತಿದ್ದರು. ದೊಡ್ಡ ಸಾಹೇಬ್ರು ಗಾಳಿಯಲ್ಲಿ ಅರ್ಧ ಎದ್ದ ಭಂಗಿಯಲ್ಲೇ ನಿಂತುಬಿಟ್ಟಿದ್ದರು. ಡಿಯರ್‌ಬಾರ್ನ್‌ನ ಕಾರು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯರು ಫೋನ್ ಮಾಡಿದರೆ ಹೇಗಿದ್ದೀಯ ಅಂತ ಕೇಳುತ್ತಿರಲಿಲ್ಲ, ಇದ್ದೀಯಾ ಅಂತ ಕೇಳುತ್ತಿದ್ದರು.

ಆ ಮಾರ್ಚ್‌ನಲ್ಲಿ ನಮ್ಮ ಮ್ಯಾನೇಜರ್ ಇಬ್ಬರನ್ನೂ ಕರೆದು ಹೇಳಿದ. ಲ್ಯಾಬಿಗೆ ಇನ್ನು ಒಬ್ಬರೇ. ಇಬ್ಬರಲ್ಲಿ ಯಾರಾದರೂ ತಾವಾಗಿ ಬಿಡುವುದಾದರೆ ಶುಕ್ರವಾರದೊಳಗೆ ಹೇಳಬಹುದು, ಇಲ್ಲದಿದ್ದರೆ ತಾನು ಆರಿಸಬೇಕಾಗುತ್ತದೆ. ಆರಿಸುವುದರಲ್ಲಿ ಅನುಮಾನವೇನೂ ಇರಲಿಲ್ಲ. ನಾನು ಕಿರಿಯವ. ನನ್ನದು ಕೆಲಸದ ಮೇಲಿನ ವೀಸಾ, ಗ್ರೀನ್ ಕಾರ್ಡಿನ ಅರ್ಜಿ ಎಲ್ಲೋ ಸಿಕ್ಕಿಕೊಂಡಿತ್ತು. ಕೆಲಸ ಹೋದರೆ ದೇಶ ಬಿಡಬೇಕು. ಹೆಂಡತಿಗೆ ಏಳು ತಿಂಗಳು. ನಾನು ಒಂದು ಸ್ಪ್ರೆಡ್‌ಶೀಟ್ ಮಾಡಿ ಸಂಭವನೀಯತೆಯ ಲೆಕ್ಕ ಹಾಕಿದೆ. ಅದು ನನ್ನ ಡಾಕ್ಟರೇಟಿನ ಏಕೈಕ ಗೃಹೋಪಯೋಗ. ಯಾವ ಕಡೆಯಿಂದ ಕೂಡಿಸಿದರೂ ನನ್ನ ಹೆಸರೇ ಬಂತು.

ಮಂಗಳವಾರ ಊಟದ ಕೋಣೆಯಲ್ಲಿ ಅವರು ಕೇಳಿದರು, "ಎಷ್ಟನೇ ತಿಂಗಳ್ರಿ?"

"ಏಳು, ಸರ್."

"ಹ್ಞೂಂ." ಸ್ವಲ್ಪ ಹೊತ್ತು ರೊಟ್ಟಿ ಮುರಿದರು. "ಈ ಸಲ ವಟಾಣಿ ಎಷ್ಟು ಸಾಲು ಹಾಕ್ತೀರಿ?"

"ಸರ್, ಜೂನ್ ಹೊತ್ತಿಗೆ ನಾನಿಲ್ಲಿ ಇರ್ತೀನೋ ಇಲ್ವೋ. ಬಟಾಣಿ ಹಾಕಿ ಯಾರಿಗೆ?"

"ಅದಕ್ಕs ಕೇಳಿದ್ದು," ಅಂದು ಡಬ್ಬಿ ಮುಚ್ಚಿದರು.

ಬುಧವಾರ ನಾನು ರಜೆ ಹಾಕಿ ಹೆಂಡತಿಯನ್ನು ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನ ಅಲ್ಲಿ ಕೂತಿದ್ದಾಗ ಅವರಿಂದ ಒಂದು ಮೆಸೇಜ್ ಬಂತು. ಆಗಿನ ಮಡಚುವ ಫೋನುಗಳಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಒತ್ತುತ್ತಿದ್ದೆವು. ಅವರು ಎಂದಿನಂತೆ ಎಲ್ಲ ದೊಡ್ಡ ಅಕ್ಷರದಲ್ಲಿ ಕಳಿಸಿದ್ದರು:

NAANU BITTEENI. NIMDU NEEVU NODKORI.

ನಾನು ಬಿತ್ತೀನಿ, ನಿಮ್ಮದು ನೀವು ನೋಡ್ಕೋರಿ. ಹಾಗೆ ಓದಿದೆ. ಅಜ್ಜಿ ಥ್ರೀ ಅಂದಿದ್ದಾಳೆ, ಈ ಮನುಷ್ಯ ಹೋಗಿ ಬಟಾಣಿ ಬಿತ್ತಿದ್ದಾರೆ. ಹೊರಗೆ ಇಪ್ಪತ್ತೆಂಟು ಡಿಗ್ರಿ, ಪಾರ್ಕಿಂಗ್ ಮೂಲೆಯಲ್ಲಿ ಕಪ್ಪು ಹಿಮದ ಗುಡ್ಡೆ. ನನ್ನ ಸಂಸಾರ ಸಾಮಾನು ಕಟ್ಟುವ ಹೊತ್ತಿನಲ್ಲಿ ಇವರಿಗೆ ವಟಾಣಿಯ ಚಿಂತೆ. ಸ್ವಲ್ಪ ಸಿಟ್ಟೇ ಬಂತು. ನಾನೂ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದೆ:

nimge huchchu. ee chalili yaaradru bittaara? ella danda.

ನಿಮಗೆ ಹುಚ್ಚು. ಈ ಚಳೀಲಿ ಯಾರಾದ್ರೂ ಬಿತ್ತಾರಾ? ಎಲ್ಲಾ ದಂಡ. ಉತ್ತರ ಬರಲಿಲ್ಲ.

ಗುರುವಾರ ಮ್ಯಾನೇಜರ್ ನನ್ನ ಭುಜ ತಟ್ಟಿ, ಅವರು ತಾವಾಗಿ ಬಿಟ್ಟರು, ನೀನು ಉಳಿದೆ ಅಂದ. ಅವರ ಮೇಜಿನ ಮೇಲೆ ಒಂದು ಮೊಂಡು ಪೆನ್ಸಿಲ್ ಬಿಟ್ಟರೆ ಏನೂ ಇರಲಿಲ್ಲ. ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಫೋನ್ ತೆರೆದೆ.

ಇಂಗ್ಲಿಷ್‌ನಲ್ಲಿ ಇರುವುದು ಒಂದೇ ಟಿ. ಎರಡು ಟಿ ಒಟ್ಟಿಗೆ ನಿಂತರೆ ಅದು ತ್ತ ಆಗಬಹುದು, ಟ್ಟ ಆಗಬಹುದು. ಬಿತ್ತೀನಿ. ಬಿಟ್ಟೀನಿ. ನಾಲಗೆ ಹಲ್ಲಿನಿಂದ ಅರ್ಧ ಇಂಚು ಹಿಂದೆ ಸರಿದರೆ ಬಟಾಣಿ ಹೋಗಿ ಕೆಲಸ ಬರುತ್ತದೆ. ನಾನು ಕೆಲಸ ಬಿಟ್ಟಿದ್ದೇನೆ, ನಿಮ್ಮದನ್ನು ನೀವು ನೋಡಿಕೊಳ್ಳಿ. ಅದಕ್ಕೆ ನಾನು ಕೊಟ್ಟ ಉತ್ತರವನ್ನೂ ಅದೇ ಟಕಾರದಲ್ಲಿ ಓದಿದೆ. ನಿಮಗೆ ಹುಚ್ಚು. ಈ ಚಳಿಯಲ್ಲಿ ಯಾರಾದರೂ ಬಿಟ್ಟಾರಾ. ಎಲ್ಲಾ ದಂಡ.

ಇದು ಆ ಗುರುವಾರವೇ ಹೊಳೆಯಿತೋ ಅಥವಾ ಎಷ್ಟೋ ವರ್ಷದ ನಂತರ ಹೊಳೆದದ್ದನ್ನು ನಾನು ಆ ಶೌಚಾಲಯಕ್ಕೆ ತಂದು ಕೂರಿಸಿದ್ದೇನೋ, ಹೇಳಲಾರೆ. ಆ ನೆನಪಿನಲ್ಲಿ ಗೋಡೆಯ ಬಣ್ಣ ತಿಳಿ ಹಸಿರು. ನಮ್ಮ ಆಫೀಸಿನಲ್ಲಿ ಹಸಿರು ಗೋಡೆಯೇ ಇರಲಿಲ್ಲ.

ಶನಿವಾರ ಅವರ ಮನೆಗೆ ಹೋದೆ. ಅದು ಮಾತ್ರ ಸ್ಪಷ್ಟವಾಗಿದೆ. ಅವರು ಪ್ಯಾಂಟು ಮಡಚಿ ಹಿತ್ತಲಿನ ನೆಲದ ಮೇಲೆ ಕೂತು, ಸಾಲಿನ ತಲೆಗೆ ಒಂದು ಕಡ್ಡಿ ಚುಚ್ಚುತ್ತಿದ್ದರು. ಕಡ್ಡಿಯ ಮೇಲೆ ಪೆನ್ಸಿಲ್‌ನಲ್ಲಿ VATANI. ಬೇಲಿಯಾಚೆ ಮೂರು ಕ್ರೋಕಸ್. ನಾನು ಹೂಗಳನ್ನು ಎಣಿಸಿದೆ, ಬಿತ್ತಿದ ಸಾಲನ್ನು ನೋಡಿದೆ. ಹಾಗಾದರೆ ತ್ತ. ಪುರಾವೆ ಕಣ್ಣ ಮುಂದಿದೆ ಅಂತ ಉಸಿರು ಬಿಟ್ಟೆ.

"ಕೆಲಸ ಯಾಕ್ ಸರ್ ಬಿಟ್ರಿ?" ಅಂದೆ.

"ಮಗಳು ಶಿಕಾಗೋಕ್ಕ ಬರ್ರಿ ಬರ್ರಿ ಅಂತ ಗಂಟು ಬಿದ್ದಾಳ. ನಮಗೂ ವಯಸ್ಸಾತು," ಅಂದರು ಮಣ್ಣು ಕೊಡವುತ್ತ. "ಹೇಳಿದ್ನೆಲ್ರಿ ನಿಮಗ."

"ಹೌದು ಸರ್. ಮೆಸೇಜ್ ಬಂತು."

"ನೀವು ಬೈದ್ರಿ," ಅಂದು ನಕ್ಕರು.

ಅಲ್ಲೇ ಕೇಳಬಹುದಾಗಿತ್ತು. ಸರ್, ನೀವು ಬರೆದದ್ದು ತ್ತ ಅಥವಾ ಟ್ಟ? ಐದು ಸೆಕೆಂಡಿನ ಕೆಲಸ. ಜಗತ್ತಿನಲ್ಲಿ ಎಲ್ಲವನ್ನೂ ಕೇಳಿ ನೋಡಿಯೇ ಒಪ್ಪುವವನು ನಾನು. ದೇವರು, ಜಾತಕ, ಕಂಪನಿಯ ವಾರ್ಷಿಕ ವರದಿ, ಯಾವುದನ್ನೂ ಸುಮ್ಮನೆ ಬಿಟ್ಟವನಲ್ಲ. ಅದೊಂದನ್ನು ಮಾತ್ರ ಕೇಳಲಿಲ್ಲ. ಟ್ಟ ಅಂದರೆ ಅವರು ಬಿಟ್ಟದ್ದು ನನಗಾಗಿ, ಆಗ ನಾನು ಈ ಮನುಷ್ಯನಿಗೆ ಏನು ಹೇಳಬೇಕು? ಥ್ಯಾಂಕ್ಸ್ ಅಂತಲೇ? ಬೇಡ, ನೀವು ಕೆಲಸ ವಾಪಸ್ ತಗೊಳ್ಳಿ ಅಂತಲೇ? ತ್ತ ಅಂದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ, ಮಗಳು ಕರೆದಳು, ಅವರು ಹೊರಟರು. ವೈನಿ ಚಹಾ ತಂದುಕೊಟ್ಟರು. ನಾನು ಮಣ್ಣಿನ ತಾಪದ ಬಗ್ಗೆ ಮಾತಾಡಿದೆ.

ಬೇಸಿಗೆಯಲ್ಲಿ ಅವರು ಹೊರಟಾಗ ಒಂದು ಕಾಗದದ ಚೀಲ ಕೊಟ್ಟರು. ಅಜ್ಜಿಯನ್ನು ಕೇಳಿ ಅಗೆದು ತೆಗೆದ ಕ್ರೋಕಸ್ ಗಡ್ಡೆಗಳು. "ನಿಮಗ ಫೋನ್ ಮಾಡಿ ಹೇಳೋರು ಯಾರೂ ಇಲ್ಲ. ನೀವs ಎಣಿಸಿಕೋರಿ," ಅಂದರು.

ಮಗಳು ಹುಟ್ಟಿದಳು. ಗ್ರೀನ್ ಕಾರ್ಡ್ ಬಂತು. ದೊಡ್ಡ ಸಾಹೇಬ್ರು ಮತ್ತೆ ಕೂರತೊಡಗಿದರು. ನಾವು ಮನೆ ಕೊಂಡು ಹುಲ್ಲಿನಲ್ಲಿ ಆ ಗಡ್ಡೆಗಳನ್ನು ಹೂತೆವು. ಪ್ರತಿ ವಸಂತದಲ್ಲಿ ಒಂದು ಸಲ ಅವರ ಫೋನ್ ಬರುತ್ತಿತ್ತು.

"ಹೆಂಗ್ರಿ ಡಾಕ್ಟರ್ ಸಾಹೇಬ್ರ. ಬೇರು ಹಿಡೀತೇನು?"

"ಹಿಡೀತು ಸರ್. ಮೊಲ ಮಾತ್ರ ಬಿಡ್ತಾ ಇಲ್ಲ."

"ಮೊಲ ಎಲ್ಲಾ ಕಡೆ ಇರತಾವು. ಒಟ್ಟ ನೀವು ನಿಂತ್ರಿ, ಅಷ್ಟು ಸಾಕು."

ನಾನು ಬಟಾಣಿಯ ಬಗ್ಗೆ ಮಾತಾಡುತ್ತಿದ್ದೆ. ಅವರು ಯಾವುದರ ಬಗ್ಗೆ ಮಾತಾಡುತ್ತಿದ್ದರೋ ಅಂತ ಯೋಚಿಸುವುದನ್ನು ನಾನು ಕಷ್ಟಪಟ್ಟು ತಪ್ಪಿಸಿಕೊಳ್ಳುತ್ತಿದ್ದೆ. ಹೀಗೆ ಹತ್ತು ಹನ್ನೆರಡು ಫೋನ್ ಆಗಿರಬೇಕು. ಬಟಾಣಿ ಸರಿಯಾಗಿ ಬಂದದ್ದು ಎರಡು ಸಲ.

ಅವರು ಹೋದ ಸುದ್ದಿ ಬಂದ ವಾರಕ್ಕೆ ಶಿಕಾಗೋ ಪಕ್ಕದ ನೇಪರ್‌ವಿಲ್‌ಗೆ, ಅವರ ಮಗಳ ಮನೆಗೆ ಹೊರಟೆ. ಹೊರಡುವ ಹಿಂದಿನ ದಿನ ಗರಾಜಿನ ಪೆಟ್ಟಿಗೆಗಳನ್ನೆಲ್ಲ ಕೆದಕಿ ಆ ಹಳೆಯ ಫೋನನ್ನೂ ಅದರ ಚಾರ್ಜರನ್ನೂ ಹುಡುಕಿದೆ. ಟ ಬೇಕಾದಾಗ ದೊಡ್ಡ ಟಿ, ತ ಬೇಕಾದಾಗ ಸಣ್ಣ ಟಿ ಹಾಕುವ ಶಿಸ್ತಿನವರು ಇರುತ್ತಾರೆ. ಹಾಗೇನಾದರೂ ಇದ್ದರೆ ಗೊತ್ತಾಗಲಿ ಅಂತ. ಫೋನ್ ಬದುಕಿತ್ತು, ಮೆಸೇಜೂ ಇತ್ತು. ಆದರೆ ಅವರು ಹುಟ್ಟಿದಾಗಿನಿಂದ ಎಲ್ಲ ದೊಡ್ಡ ಅಕ್ಷರದಲ್ಲಿ ಬರೆಯುವವರು ಅನ್ನುವುದನ್ನೇ ನಾನು ಮರೆತಿದ್ದೆ. ಸಂಶೋಧಕ ಅಂದರೆ ನಾನು.

"ಏನ್ ಹುಡುಕ್ತಾ ಇದ್ದೀರಿ?" ಅಂದಳು ಹೆಂಡತಿ. ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಎರಡೂ ಮೆಸೇಜ್ ಓದಿದಳು.

"ನೀವು ಇದನ್ನ ಬಟಾಣಿ ಅಂದ್ಕೊಂಡ್ರಾ?" ಅಂದಳು. ಆಮೇಲೆ, "ಅಥವಾ ಬಟಾಣಿ ಅಂತ ಇಟ್ಕೊಂಡ್ರಾ?"

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇಂಥ ಪ್ರಶ್ನೆಗೆ ಉತ್ತರ ಬೇಕಾಗುವುದಿಲ್ಲ.

ನಾಲ್ಕೂವರೆ ಗಂಟೆ ಡ್ರೈವ್. ಶಿಕಾಗೋ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ, ಅದನ್ನು ಮರೆತು ಹೇಳಿದ್ದ ಹೊತ್ತಿಗಿಂತ ಒಂದು ಗಂಟೆ ಮುಂಚೆ ಹೋಗಿ ಬಾಗಿಲು ತಟ್ಟಿದೆ. ಮಗಳು ಆಫೀಸಿಗೆ ಹೋಗಿದ್ದಳು. ವೈನಿ ಹಿಂದಿನ ಡೆಕ್ ಮೇಲೆ ಶಾಲು ಹೊದ್ದು ಕೂತಿದ್ದರು. ಅಂಗಳದಲ್ಲಿ ಹಲಗೆ ಕಟ್ಟಿದ ಮಣ್ಣಿನ ಪಾತಿ, ಅದರಲ್ಲಿ ತುಕ್ಕು ಹಿಡಿದ ಆರು ಸೀಟಿನ ಬೆನ್ನುಗಳು. ಅಷ್ಟು ದೂರ ಅವನ್ನೂ ಕಟ್ಟಿಕೊಂಡು ಬಂದಿದ್ದರು.

ಇರುವಷ್ಟು ಮಾತು ಮುಗಿದ ಮೇಲೆ ನಾನು ಕೇಳಿದೆ. ಅವರಿಲ್ಲದಾಗ ಕೇಳುವುದು ಹೇಡಿತನ ಅಂತ ಗೊತ್ತಿತ್ತು, ಆದರೆ ಅದು ನನಗೆ ಅಭ್ಯಾಸವಾದ ಗುಣ.

"ವೈನಿ, ಆ ಬುಧವಾರ ಸರ್ ಬಟಾಣಿ ಬಿತ್ತಿದ್ರಾ, ಕೆಲಸ ಬಿಟ್ರಾ?"

"ಎರಡೂ," ಅಂದರು ವೈನಿ. "ಹನ್ನೊಂದಕ್ಕ ಮನಿಗೆ ಬಂದ್ರು. ಇದೇನ್ರಿ ಇಷ್ಟ ಲಗೂನ ಅಂದೆ. ಬಿಟ್ಟು ಬಂದೆ ಅಂದ್ರು. ಬೂಟು ಸುದ್ದಾ ಬಿಚ್ಚಲಿಲ್ಲ, ಹಾರಿ ತಗೊಂಡು ಹಿತ್ತಲಕ್ಕ ಹೋಗಿ ನೆಲ ಒಡದ್ರು. ಮುದುಕಿ ಮುಂಜಾನೆ ಥ್ರೀ ಅಂದಿದ್ಳಲ್ಲ. ಬಿತ್ತಿ ಬಂದು ಕುಂತು ನಿಮಗ ಮೆಸೇಜ್ ಹಾಕಿದ್ರು. ಆ ಹುಡುಗಗ ಹೇಳಿದ್ರೇನು ಅಂತ ನಾ ಕೇಳಿದೆ. ಹೇಳೀನಿ ಅಂದ್ರು. ಏನಂದಾನ ಅಂದೆ."

"ಏನಂದ್ರು?"

"ನಗಾಕ ಹತ್ತಿದ್ರು. ಹುಚ್ಚ ಅಂದಾನ, ಈ ಚಳ್ಯಾಗ ಯಾರರ ಬಿಟ್ಟಾರೇನು ಅಂತ ಬೈದಾನ. ಬರೋಬ್ಬರಿ ಅಂದಾನ ಅಂದ್ರು." ವೈನಿ ನನ್ನ ಮುಖ ನೋಡಿದರು. "ಯಾಕ, ನಿಮಗ ಗೊತ್ತಿದ್ದಿಲ್ಲೇನು?"

ಇಲ್ಲ ಅಂದರೆ ಆಗುತ್ತಿತ್ತು. ಇಂಗ್ಲಿಷ್ ಅಕ್ಷರದ ಮೇಲೆ ಹಾಕಿ ಮುಗಿಸಬಹುದಿತ್ತು. ನಾನು ಆ ಆರು ಸೀಟಿನ ಬೆನ್ನುಗಳನ್ನು ನೋಡಿದೆ.

"ಬಟಾಣಿ ಅಂದ್ಕೊಂಡು ಉತ್ತರ ಕಳಿಸ್ದೆ, ವೈನಿ. ಅದು ನಿಜ. ಆದ್ರೆ ಮಾರನೇ ದಿನಾನೇ ಗೊತ್ತಾಯ್ತು ಅನ್ಸುತ್ತೆ. ಗೊತ್ತಿಲ್ಲದ ಹಾಗೆ ಇದ್ದುಬಿಟ್ಟೆ."

ವೈನಿ ಶಾಲು ಸರಿಮಾಡಿಕೊಂಡರು.

"ಅವರಿಗೂ ಹಂಗs ಅನಿಸಿತ್ತು," ಅಂದರು. "ಪ್ರತಿ ವರ್ಷ ನಿಮಗ ಫೋನ್ ಮಾಡಿ ಇಟ್ಟಮ್ಯಾಲೆ ಅಂತಿದ್ರು, ಡಾಕ್ಟರ್ ಸಾಹೇಬ್ರಿಗೆ ಗೊತ್ತೈತಿ, ಇನ್ನಾ ಪ್ರೂಫ್ ಸಿಕ್ಕಿಲ್ಲ ಅಷ್ಟs ಅಂತ."

"ಬೇಜಾರಾಗಿತ್ತಾ?"

"ಬ್ಯಾಸರ ಆಗಿದ್ರ ಪ್ರತಿ ವರ್ಷ ಯಾಕ ಫೋನ್ ಮಾಡ್ತಿದ್ರು? ಆದ್ರ ಒಂದ್ಸಲ ಕೇಳ್ಬೇಕಿತ್ತು ನೀವು. ಹೇಳಾಕ ಅವರಿಗೂ ಆಸೆ ಇತ್ತು."

ವೈನಿ ಸಮಾಧಾನಕ್ಕೆ ಹೇಳಿದ್ದಿರಬಹುದು, ಹದಿನೈದು ವರ್ಷದ ಹಿಂದಿನ ಮಾತು ಯಾರಿಗೆ ಹಾಗೇ ನೆನಪಿರುತ್ತದೆ ಅಂತ ನನ್ನೊಳಗಿನವನು ಆಗಲೇ ಶುರುಮಾಡಿದ್ದ. ಮೊದಲ ಸಲ ಅವನ ಮಾತು ಕೇಳಲು ನನಗೆ ನಾಚಿಕೆಯಾಯಿತು.

ಹೊರಡುವಾಗ ವೈನಿ ಒಂದು ಪೊಟ್ಟಣ ಕೊಟ್ಟರು. ಹಳೆಯ ಕಂಪನಿಯ ವಾಷರ್ ಬರುತ್ತಿದ್ದ ಪ್ಲಾಸ್ಟಿಕ್ ಚೀಲ, ಒಳಗೆ ಸುಕ್ಕುಗಟ್ಟಿದ ಕಾಳು, ಮೇಲೆ ಪೆನ್ಸಿಲ್‌ನ ದೊಡ್ಡ ಅಕ್ಷರ. ಹಿಂದಿನ ಬೇಸಿಗೆಯಲ್ಲಿ ಅವರೇ ತೆಗೆದಿಟ್ಟ ಬೀಜ.

ಮರುದಿನ ಬೆಳಿಗ್ಗೆ ರಾಚೆಸ್ಟರ್ ಹಿಲ್ಸ್‌ನಲ್ಲಿ ಮೂವತ್ತೊಂದು ಡಿಗ್ರಿ. ನಮ್ಮ ಹುಲ್ಲಿನಲ್ಲಿ ಅಜ್ಜಿಯ ಕ್ರೋಕಸ್ ಮೂರು ಅರಳಿದ್ದವು. ಎರಡು ಮತ್ತು ಒಂದು ಮೊಗ್ಗು ಅಂತಲೂ ವಾದಿಸಬಹುದಿತ್ತು, ವಾದಿಸಲಿಲ್ಲ. ಮಣ್ಣಿಗೆ ತಂತಿ ಚುಚ್ಚಲಿಲ್ಲ. ಕಾರಿನ ಗಾಜಿನ ಹಿಮ ಕೆರೆಯುವ ಹಲಗೆಯಿಂದಲೇ ನೆಲ ಕೆರೆದು, ಮಂಡಿ ಊರಿ ಒಂದು ಸಾಲು ಹಾಕಿದೆ. ಕಿಟಕಿಯಿಂದ ಮಗಳು ಇಂಗ್ಲಿಷ್‌ನಲ್ಲಿ ಅಮ್ಮನನ್ನು ಕೇಳುತ್ತಿದ್ದಳು, ಅಪ್ಪ ಚೆನ್ನಾಗಿದ್ದಾರಾ ಅಂತ.

ಈಗಿನ ಫೋನಿನಲ್ಲಿ ಕನ್ನಡವಿದೆ. ತ ಬೇರೆ, ಟ ಬೇರೆ, ಒತ್ತಕ್ಷರ ಬೇರೆ. ಮರಗಟ್ಟಿದ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ವೈನಿಗೆ ಕಳಿಸಿದೆ: ವೈನಿ, ವಟಾಣಿ ಬಿತ್ತೀನಿ.

ಐದು ನಿಮಿಷ ಬಿಟ್ಟು ಉತ್ತರ ಬಂತು. ವೈನಿಯ ಫೋನಿನಲ್ಲೂ ಕನ್ನಡವಿದೆ, ನನಗೆ ಗೊತ್ತು. ಆದರೂ ಬಂದದ್ದು ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲ ದೊಡ್ಡ ಅಕ್ಷರ:

HUCHCHU NIMAGA. EE CHALYAAGA YAARARA BITTAARENU.

ಅಲ್ಲೇ ನೆಲದ ಮೇಲೆ ಕೂತು ಅದನ್ನು ಎರಡು ಸಲ ಓದಿದೆ. ಒಂದು ಸಲ ತಕಾರದಲ್ಲಿ, ಒಂದು ಸಲ ಟಕಾರದಲ್ಲಿ.